ಅಕ್ಕೋರ ಅಂಜಿಕೆ

ಹೋದ ತಿಂಗಳು ನನ್ನ ಕೈಯಿಂದ ಇನ್ಸುಲಿನ್ ಸೀಸೆಯೊಂದು ಜಾರಿ ಬಿದ್ದು ಒಡೆಯಿತು. ಸಿಂಧನೂರಿನಲ್ಲಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಅಂದು ಬೆಳಿಗ್ಗೆ ರಾಯಚೂರಿನಿಂದ ಬಂದ ಮಾಲನ್ನು ಥರ್ಮಾಕೋಲ್ ಡಬ್ಬಿಯಿಂದ ತೆಗೆದು ಫ್ರಿಜ್ಜಿನಲ್ಲಿ ಜೋಡಿಸುತ್ತಿದ್ದೆ. ಬೆರಳು ತಣ್ಣಗಾಗಿ ಹಿಡಿತ ತಪ್ಪಿತು. ಹೆಬ್ಬೆರಳಿನಷ್ಟು ಸೀಸೆ, ಒಡೆದ ಸದ್ದೂ ದೊಡ್ಡದಾಗಿ ಬರಲಿಲ್ಲ. ಆದರೆ ವಾಸನೆ ಎದ್ದಿತು. ಫಿನಾಯಿಲಿನಂಥ, ಗಾಯಕ್ಕೆ ಹಚ್ಚುವ ಪಟ್ಟಿಯಂಥ... ಮೂಗಿನೊಳಗೆ ಹೋಗಿ ಅಲ್ಲಿಯೇ ಕೂರುವ ವಾಸನೆ. ಔಷಧ ಕೆಡದಿರಲೆಂದು ಬೆರೆಸುವ ವಸ್ತುವಿನ ವಾಸನೆ ಅದು ಎಂದು ಓದಿ ತಿಳಿದವಳು ನಾನು. ದಿನವೂ ಮುಟ್ಟುವ ಸಾಮಾನು. ಆದರೂ ಒರೆಸುವ ಬಟ್ಟೆ ಹಿಡಿದು ನೆಲಕ್ಕೆ ಕುಳಿತವಳಿಗೆ ಏಳಲಾಗಲಿಲ್ಲ.

ಕೌಂಟರಿನ ಆಚೆಯಿಂದ ಗಿರಾಕಿಯೊಬ್ಬರು ಬಗ್ಗಿ ನೋಡಿ, "ಏನಾತ್ರೀ ಮೇಡಂ, ಕೈಗೆ ಚುಚ್ಚಿತೇನು?" ಎಂದರು.

ಇಲ್ಲವೆಂದು ತಲೆಯಾಡಿಸಿದೆ. ಇದೇ ವಾಸನೆಗೆ ಹೀಗೆಯೇ ನೆಲಕ್ಕೆ ಕುಸಿದು ಕುಳಿತ ಇನ್ನೊಬ್ಬರನ್ನು ನಾನು ಕಂಡಿದ್ದೆ. ನಮ್ಮ ಲಿಂಗಸುಗೂರಿನ ಮನೆಯ ಅಡುಗೆಮನೆಯಲ್ಲಿ...

ಅವರನ್ನು ನಾವೆಲ್ಲ ಅಕ್ಕೋರು ಎನ್ನುತ್ತಿದ್ದೆವು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಮುಂದಿನ ಖೋಲಿಗೆ ಬಾಡಿಗೆಗೆ ಬಂದರು. ಮಸ್ಕಿಯ ಹೊಲಮನೆಯುಳ್ಳ ಕುಟುಂಬದವರು. ಗಂಡ ಹೆಂಡತಿ ಇಬ್ಬರೂ ಮಾಸ್ತರಿಕೆ ಹಿಡಿದು ಆಫ್ರಿಕಾದ ಒಂದು ದೇಶಕ್ಕೆ ಹೋಗಿ ಹದಿನೇಳು ವರ್ಷ ಅಲ್ಲೇ ಇದ್ದರಂತೆ. ಹೋಗುವಾಗ ಇಬ್ಬರು, ಬರುವಾಗ ಒಬ್ಬರೇ. ಮಕ್ಕಳಿರಲಿಲ್ಲ. ಅಣ್ಣ ಮಸ್ಕಿಯಲ್ಲಿ ತಮ್ಮ ಮನೆಯಲ್ಲೇ ಇರು ಎಂದರೂ ಕೇಳದೆ, ಎರಡು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದಿದ್ದರು. ತೆಳ್ಳಗಿನ ಮೈ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದೇ ಒಂದು ಬಂಗಾರದ ಬಳೆ. ಇನ್ನೊಂದು ಕೈ ಬರಿದು. ಯಾಕೆ ಒಂದೇ ಬಳೆ ಎಂದು ಅವ್ವ ಒಮ್ಮೆ ಕೇಳಿದ್ದಳು. "ಇನ್ನೊಂದು ಅಲ್ಲೇ ಉಳೀತ್ರೀ" ಎಂದಷ್ಟೇ ಹೇಳಿ ಮಾತು ಮರೆಸಿದ್ದರು.

ಹೈಸ್ಕೂಲಿನ ಹುಡುಗಿಯರಿಗೆ ಮನೆಯಲ್ಲೇ ಗಣಿತ ಹೇಳಿಕೊಡುತ್ತಿದ್ದರು. ಚೆನ್ನಾಗಿ ಹೇಳಿಕೊಡುತ್ತಿದ್ದರು. ಆದರೆ ಅವರ ಒಂದು ರೀತಿ ಮಾತ್ರ ಓಣಿಯವರಿಗೆ ಅರ್ಥವಾಗುತ್ತಿರಲಿಲ್ಲ. ಫೀಸಿನ ದುಡ್ಡು ಕೈಗೆ ಬಂದ ತಾಸಿನೊಳಗೆ ಕಿರಾಣಿ ಅಂಗಡಿಗೆ ಹೊರಟುಬಿಡುತ್ತಿದ್ದರು. ಉಪ್ಪು, ಸಾಬೂನು, ಬೆಂಕಿಪೊಟ್ಟಣ, ಅಕ್ಕಿ, ತೊಗರಿಬೇಳೆ... ಒಬ್ಬರಿಗೆ ಬೇಕಾದದ್ದಕ್ಕಿಂತ ಐದು ಪಟ್ಟು. ಖೋಲಿಯ ಅರ್ಧ ಭಾಗ ಸಾಮಾನಿನಿಂದ ತುಂಬಿ, ಹಾಸಿಗೆಗೆ ಒಂದು ಮೂಲೆ ಉಳಿದಿತ್ತು. ಇನ್ನೂ ವಿಚಿತ್ರವೆಂದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಗಡಿಗೆ ಹೋಗಿ ಸಕ್ಕರೆಯ ಬೆಲೆ ಕೇಳುತ್ತಿದ್ದರು. ಕೊಳ್ಳುವುದಕ್ಕಲ್ಲ, ಸುಮ್ಮನೆ ಕೇಳುವುದಕ್ಕೆ. ಸಾವುಕಾರ ನಕ್ಕು, "ಅಕ್ಕೋರ, ಮುಂಜಾನೆ ಹೇಳೀನಲ್ರೀ, ಅದ ರೇಟು" ಎನ್ನುತ್ತಿದ್ದ. ಆಗ ಅವರ ಮುಖ ಸಡಿಲವಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ಪರೀಕ್ಷೆಯಲ್ಲಿ ಪಾಸಾದವರ ಮುಖದಂತೆ. ಹಬ್ಬಕ್ಕೆ ಮುಂಚೆ ಒಮ್ಮೆ ಸಕ್ಕರೆ ಎರಡು ರೂಪಾಯಿ ಏರಿದಾಗ ಅಂದು ಪಾಠವೇ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಕುಳಿತಿದ್ದರು.

ತಲೆ ಸರಿ ಇಲ್ಲ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ನನಗೂ ಹಾಗೇ ಅನ್ನಿಸಿತ್ತು ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಅವ್ವನಿಗೆ ಮೊದಲಿಂದಲೂ ಶುಗರ್ ಇತ್ತು. ನಾನು ಹತ್ತನೆಯ ತರಗತಿಗೆ ಬಂದ ವರ್ಷ ಗುಳಿಗೆಗೆ ಬಗ್ಗದಾಯಿತು. ಇನ್ನು ಮೇಲೆ ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಬರೆದುಕೊಟ್ಟರು. ಅಪ್ಪ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿ ಕೆಲಸದಲ್ಲಿದ್ದರು. ಹೀಗಾಗಿ ಚುಚ್ಚುವುದನ್ನು ನಾನು ಕಲಿತೆ. ಮೊದಲ ದಿನ ಸೂಜಿ ಜಾರಿ ಅರ್ಧ ಔಷಧ ಅವ್ವನ ಸೀರೆಯ ಮೇಲೆ ಚೆಲ್ಲಿತು. ಅಡುಗೆಮನೆಯ ತುಂಬ ವಾಸನೆ. ಅದೇ ಹೊತ್ತಿಗೆ ಅಕ್ಕೋರು ಹೆಪ್ಪಿಗೆ ಮೊಸರು ಕೇಳಿಕೊಂಡು ಒಳಗೆ ಬಂದರು. ಹೊಸ್ತಿಲಲ್ಲಿ ನಿಂತರು. ಮೂಗು ಅರಳಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ನಿಧಾನಕ್ಕೆ, ಹಾಗೇ ನೆಲಕ್ಕೆ ಕುಳಿತುಬಿಟ್ಟರು. ಕೈಯಲ್ಲಿದ್ದ ಬಟ್ಟಲು ಉರುಳಿ ಒಲೆಯ ಹತ್ತಿರ ಹೋಯಿತು.

"ಯಾಕ್ರೀ ಅಕ್ಕೋರ, ಚಕ್ಕರ್ ಬಂತೇನ್ರೀ?" ಎಂದು ಅವ್ವ ತೋಳಿನ ಸೂಜಿಯನ್ನೂ ಮರೆತು ಎದ್ದಳು.

ಅಕ್ಕೋರು ಅವ್ವನ ಮುಖ ನೋಡಲಿಲ್ಲ. ಸೀಸೆಯನ್ನೇ ನೋಡುತ್ತ, "ಇದು ಎಷ್ಟು ಉಳದೈತಿ?" ಎಂದು ನನ್ನನ್ನು ಕೇಳಿದರು.

ಅಂದು ಮಧ್ಯಾಹ್ನ ಅವ್ವನ ಪಕ್ಕದಲ್ಲಿ ಕುಳಿತು, ನೀರು ಕುಡಿದು, ಅವರು ಹೇಳಿದ ಕತೆಯನ್ನು ನಾನು ಗೋಡೆಗೊರಗಿ ಕೇಳಿದೆ.

ಒಳ್ಳೆಯ ದೇಶವಂತೆ. ಅಗಲ ರಸ್ತೆ, ಮೆಕ್ಕೆಜೋಳದ ಹೊಲಗಳು, ಅಕ್ಕಪಕ್ಕದ ಜನರಿಗೆ ಇವರೆಂದರೆ ಗೌರವ. ಗಂಡ ವಿಜ್ಞಾನ ಕಲಿಸುತ್ತಿದ್ದರು, ಇವರು ಗಣಿತ. ಸಂಬಳದಲ್ಲಿ ಉಳಿಸಿ ಬ್ಯಾಂಕಿನಲ್ಲಿಟ್ಟರೆ ನಿವೃತ್ತಿಯ ಹೊತ್ತಿಗೆ ಮಸ್ಕಿಯಲ್ಲಿ ಮನೆ ಕಟ್ಟುವಷ್ಟಾಗುತ್ತದೆ ಎಂದು ಲೆಕ್ಕ ಹಾಕಿದ್ದರು. ಆಮೇಲೆ ಅಲ್ಲಿಯ ಸರ್ಕಾರದ ಖಜಾನೆ ಬರಿದಾಯಿತು. ಸಂಬಳ ಕೊಡಬೇಕು, ಸಾಲ ತೀರಿಸಬೇಕು, ದುಡ್ಡಿಲ್ಲ. ನೋಟು ಅಚ್ಚು ಹಾಕುವ ಬ್ಯಾಂಕಿಗೆ ಹೇಳಿ ಅಚ್ಚು ಹಾಕಿಸಿದರು.

"ಮೊದ್ಲ ಯಾರಿಗೂ ಅಂಜಿಕಿ ಆಗಿಲ್ರೀ," ಎಂದರು ಅಕ್ಕೋರು. "ಪಗಾರ ಏರಿತು. ನಾವು ಪೇಡೆ ಹಂಚಿದ್ವಿ."

ಪೇಡೆ ಹಂಚಿದ್ದನ್ನು ಹೇಳುವಾಗ ಅವರ ದನಿ ಒಡೆಯಿತು. ಮುಂದಿನದನ್ನು ಹೇಳುವಾಗ ಒಡೆಯಲಿಲ್ಲ. ಮೊದಲ ವರ್ಷ ಬ್ರೆಡ್ಡಿನ ಬೆಲೆ ಎರಡು ಪಟ್ಟಾಯಿತು. ಆಮೇಲೆ ತಿಂಗಳಿಗೊಮ್ಮೆ ಎರಡು ಪಟ್ಟು. ಆಮೇಲೆ ಬೆಳಿಗ್ಗೆ ಒಂದು ಬೆಲೆ, ಸಂಜೆ ಒಂದು ಬೆಲೆ. ಸಂಬಳದ ದಿನ ಇಬ್ಬರೂ ಶಾಲೆ ಬಿಟ್ಟು ಬ್ಯಾಂಕಿಗೆ ಓಡುವುದು, ಬ್ಯಾಂಕಿನಿಂದ ಅಂಗಡಿಗೆ ಓಡುವುದು. ಸಾಲಿನಲ್ಲಿ ನಿಂತಿರುವಾಗಲೇ ಅಂಗಡಿಯವನು ಬಂದು ಹಲಗೆಯ ಮೇಲಿನ ಅಂಕಿ ಅಳಿಸಿ ಹೊಸ ಅಂಕಿ ಬರೆಯುತ್ತಿದ್ದ. ನೋಟಿನ ಮೇಲೆ ಸೊನ್ನೆಗಳು ಏರುತ್ತ ಹೋದವು. ಹದಿನೇಳು ವರ್ಷದ ಉಳಿತಾಯಕ್ಕೆ ಕೊನೆಗೆ ಮೂರು ಮೊಟ್ಟೆ ಬರುತ್ತಿದ್ದವು. ಲಿಂಗ ಕಟ್ಟಿಕೊಂಡ ನಾವು ಮೊಟ್ಟೆ ಎಲ್ಲಿ ತಿನ್ನೋಣ, ಎಂದು ಇಬ್ಬರೂ ನಕ್ಕಿದ್ದರಂತೆ. ಆಗಿನ್ನೂ ನಗುವುದು ಸಾಧ್ಯವಿತ್ತು.

ಗಂಡನಿಗೆ ಶುಗರ್. ದಿನಾ ಇನ್ಸುಲಿನ್. ಆ ಔಷಧ ಆ ದೇಶದಲ್ಲಿ ತಯಾರಾಗುತ್ತಿರಲಿಲ್ಲ, ಹೊರಗಿನಿಂದ ಬರಬೇಕು. ಹೊರಗಿನವರು ಆ ನೋಟನ್ನು ಮುಟ್ಟುವುದನ್ನು ಬಿಟ್ಟಿದ್ದರು. ಊರಿನ ಔಷಧಿ ಅಂಗಡಿಯವನು ಪರಿಚಯದವನು, ಒಳ್ಳೆಯವನು. ಮೊದಲೊಮ್ಮೆ ದುಡ್ಡು ಮುಟ್ಟದೆ ಒಂದು ಸೀಸೆ ಕೊಟ್ಟ. ಮುಂದಿನ ಸಲ ಹೋದಾಗ ಮಾತಾಡದೆ ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದ. ಒಳಗೆ ಬಲ್ಬು ಉರಿಯುತ್ತಿತ್ತು, ಬೇರೇನೂ ಇರಲಿಲ್ಲ.

ಅಕ್ಕೋರು ಒಂದು ಕೈಯ ಬಳೆ ಮಾರಿ ಔಷಧ ತರಲು ಗಡಿಯಾಚೆಯ ಊರಿಗೆ ಬಸ್ಸು ಹತ್ತಿದರು. ಹೋಗಲು ಒಂದು ದಿನ, ಬರಲು ಒಂದು ದಿನ. ಮನೆಯಲ್ಲಿ ಇನ್ನೂ ಐದು ದಿನಕ್ಕಾಗುವಷ್ಟು ಔಷಧ ಇದೆ ಎಂದು ಗಂಡ ಹೇಳಿದ್ದರು. ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗಿಟ್ಟುಕೊಂಡು ವಾಪಸು ಬಂದಾಗ ಬಾಗಿಲ ಮುಂದೆ ಅಕ್ಕಪಕ್ಕದವರು ನಿಂತಿದ್ದರು.

"ಎರಡು ತಿಂಗಳಿಂದ ಅರ್ಧ ಅರ್ಧ ತಗೊಂತಿದ್ರಂತ," ಎಂದರು ಅಕ್ಕೋರು. "ನನಗ ಅಂಜಿಕಿ ಆಗಬಾರ್ದು ಅಂತ ಹೇಳಿರ್ಲಿಲ್ಲ. ಇನ್ನೂ ಐದು ದಿನದ್ದು ಐತಿ ಅಂದಿದ್ರಲ್ಲ, ಆ ಸೀಸೆದಾಗ ಏನೂ ಇದ್ದಿದ್ದಿಲ್ಲ."

"ನೀವು ತಂದದ್ದು?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಬಾಜೂ ಓಣ್ಯಾಗ ಒಂದು ಹುಡುಗಿ ಇತ್ತು, ನಿನ್ನ ವಯಸ್ಸಿಂದು. ಅದಕ್ಕೂ ಇದ ಬ್ಯಾನಿ. ಕೊಟ್ಟು ಬಂದೆ ಬೇ."

ಅವ್ವ ಅವರ ಬರಿಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಆ ದಿನದ ನಂತರ ನಾನು ಅವರನ್ನು ಪ್ರಶ್ನೆ ಕೇಳತೊಡಗಿದೆ. ನೋಟು ಬೇಕಾದಷ್ಟು ಅಚ್ಚು ಹಾಕಿ ಎಲ್ಲರಿಗೂ ಹಂಚಿದರೆ ಯಾಕೆ ತಪ್ಪು ಎಂಬುದು ನನಗೆ ತಿಳಿದಿರಲಿಲ್ಲ. ಪಾಠ ಮುಗಿದ ಮೇಲೆ ಒಂದು ಸಂಜೆ ನನ್ನ ವಹಿಯ ಹಿಂಬದಿ ತೆಗೆದು ಒಂದು ಗೆರೆ ಎಳೆದರು. "ಇದು ಕಾಲುವಿ ಅಂತ ತಿಳ್ಕೋ. ಇದರಾಗ ನೂರು ಎಕರೆಗೆ ಆಗೋವಷ್ಟು ನೀರು ಐತಿ. ಗೇಟಿನ ಹತ್ರ ಕುಂತಾವ ನೂರು ಚೀಟಿ ಬರದು ಹಂಚ್ಯಾನ. ಒಂದು ಚೀಟಿಗೆ ಒಂದು ಎಕರೆ ನೀರು. ಒಂದಿನ ಅವನ ಸಾಹೇಬ ಬಂದು, ನನಗ ಇನ್ನೂ ನೂರು ಚೀಟಿ ಬರದು ಕೊಡು ಅಂತಾನ. ಕಾಗದ ಐತಿ, ಪೆನ್ ಐತಿ, ಬರದು ಕೊಟ್ಟ. ಈಗ ನೀರು ಎಷ್ಟಾತು?"

"ಅಷ್ಟ ಇರ್ತೈತ್ರೀ."

"ಒಂದು ಚೀಟಿಗೆ?"

"ಅರ್ಧ ಎಕರೆ."

"ಅರ್ಧನೂ ಎಲ್ಲಾರಿಗೂ ಸಿಗಂಗಿಲ್ಲ ಬೇ. ಸಾಹೇಬ ಹೊಸಾ ಚೀಟಿ ಹಿಡಕೊಂಡು ಮೊದಲ ಬರ್ತಾನ. ಆಗಿನ್ನೂ ಯಾರಿಗೂ ಗೊತ್ತಿರಂಗಿಲ್ಲ, ಅವ ಪೂರಾ ಎಕರೆ ನೀರು ಒಯ್ತಾನ. ಕಾಲುವಿ ಕೆಳಗಿನ ತುದಿಯಾಗ ಇರೋ ರೈತ ತನ್ನ ಹಳೇ ಚೀಟಿ ಹಿಡಕೊಂಡು ಕಾಯಾಕತ್ತಿರ್ತಾನ. ಅವನ ತನಕಾ ಬರೋದ್ರಾಗ ಕಾಲುವಿ ಒಣಗಿರ್ತೈತಿ."

ಹಾಗಾದರೆ ನೋಟು ಅಚ್ಚು ಹಾಕಲೇಬಾರದೇ ಎಂದು ಕೇಳಿದೆ. ಅದಕ್ಕೆ ಅವರು ಪೆನ್ನು ಕೆಳಗಿಟ್ಟು ಯೋಚಿಸಿ ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ಎಲ್ಲಾ ದೇಶದಾಗೂ ಹಾಕ್ತಾರ. ಬೆಳಿ ಹೆಚ್ಚಾದಂಗ, ಮಂದಿ ಹೆಚ್ಚಾದಂಗ ಅದೂ ಹೆಚ್ಚಾಗಬೇಕು, ಇಲ್ಲಾಂದ್ರ ವ್ಯವಹಾರ ನಡ್ಯಂಗಿಲ್ಲ. ಆದ್ರ ಸಾಕು ಅನ್ನೋವ್ರು ಒಬ್ಬರರ ಇರಬೇಕು. ಅಲ್ಲಿ ಸಾಕು ಅಂದವ್ರನ್ನೆಲ್ಲಾ ಮನಿಗೆ ಕಳಿಸಿದ್ರು."

ಅವರ ಮಾತು ಅಪ್ಪನಿಗೆ ಹಿಡಿಸುತ್ತಿರಲಿಲ್ಲ. ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕೈಕಾಲು ತೊಳೆಯುತ್ತ, "ಹುಡುಗಿಗೆ ಲೆಕ್ಕ ಕಲಸ್ರಿ ಅಕ್ಕೋರ, ಅಂಜಿಕಿ ಕಲಸಬ್ಯಾಡ್ರಿ. ನಮ್ಮ ದೇಶ ಎಷ್ಟು ದೊಡ್ಡದು!" ಎನ್ನುತ್ತಿದ್ದರು. ಅಕ್ಕೋರು ಹೂಂ ಎನ್ನುತ್ತಿದ್ದರು. ಒಮ್ಮೆ ಮಾತ್ರ, "ನೀವು ದಿನಾ ಭೂಮಿ ಒಳಗಿಂದ ಬಂಗಾರ ತಗೀತೀರಲ್ರೀ, ಮನ್ಯಾಗ ಎಷ್ಟಿಟ್ಟೀರಿ?" ಎಂದು ಕೇಳಿದ್ದರು. ಅಪ್ಪ ನಕ್ಕರು. ಮನೆಯಲ್ಲಿ ಅವ್ವನ ತಾಳಿ ಬಿಟ್ಟರೆ ಗುಂಜಿಯಷ್ಟೂ ಇರಲಿಲ್ಲ.

ನಾನು ರಾಯಚೂರಿನಲ್ಲಿ ಔಷಧಿಶಾಸ್ತ್ರದ ಡಿಪ್ಲೊಮಾ ಓದುತ್ತಿದ್ದ ಕಾಲಕ್ಕೆ ನೋಟು ರದ್ದಾಯಿತು. ಸಂಜೆ ಟಿವಿಯಲ್ಲಿ ಹೇಳಿದರು, ಐನೂರರ, ಸಾವಿರದ ಹಳೆಯ ನೋಟು ಇನ್ನು ನಡೆಯುವುದಿಲ್ಲ ಎಂದು. ನಾನು ಅಂದು ಊರಿಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕೋರು ಹೊರಗೆ ನಿಂತಿದ್ದರು. ಸ್ನಾನವಾಗಿತ್ತು, ವಿಭೂತಿ ಹಚ್ಚಿದ್ದರು, ಕೈಯಲ್ಲಿ ಚೀಲವಿತ್ತು. ಮುಖ ಸುಣ್ಣದಂತಿತ್ತು.

"ಶುರು ಆತು," ಎಂದರು.

"ಏನ್ರೀ?"

"ನಿಮ್ಮವ್ವನ ಸೀಸೆ ಎಷ್ಟು ಅದಾವ?"

ಒಂದೂವರೆ ಇತ್ತು. ಕೇಳಿದ್ದೇ ತಡ, ನನ್ನ ಕೈ ಹಿಡಿದು ಹೊರಡಿಸಿದರು. ಅಪ್ಪ ಪಾಳಿಗೆ ಹೋಗಿದ್ದರು. ಮನೆಯಲ್ಲಿದ್ದುದೆಲ್ಲ ಐನೂರರ ನೋಟುಗಳು, ನಾಲ್ಕು. ಅದು ಬೇರೆ, ಇದು ಬೇರೆ ಎಂದು ಈಗ ನನಗೆ ಗೊತ್ತು. ಅಲ್ಲಿ ನೋಟು ಹೊಳೆಯಂತೆ ಹರಿದು ಬೆಲೆ ಕಳೆದುಕೊಂಡಿತ್ತು. ಇಲ್ಲಿ ಒಂದೇ ಸಂಜೆಯಲ್ಲಿ ನೋಟೇ ಇಲ್ಲದಾಗಿತ್ತು. ಆದರೆ ಔಷಧಿ ಅಂಗಡಿಯ ಮುಂದೆ ನಿಂತವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಕೈಯಲ್ಲಿ ಕಾಗದವಿದೆ, ಆಚೆಯವನು ಬೇಡವೆನ್ನುತ್ತಾನೆ.

ಲಿಂಗಸುಗೂರಿನ ಅಂಗಡಿಯಲ್ಲಿ ಇನ್ಸುಲಿನ್ ಮುಗಿದಿತ್ತು. ನಮಗಿಂತ ಮೊದಲೇ ಯಾರೋ ಹೆದರಿ ಒಯ್ದಿದ್ದರು. ಎರಡನೆಯ ಅಂಗಡಿಯವನಲ್ಲಿ ಒಂದಿತ್ತು, ಚಿಲ್ಲರೆ ಇಲ್ಲವೆಂದ. ಬಸ್ಸಿನಲ್ಲಿ ಕಂಡಕ್ಟರು ಮತ್ತು ಪ್ರಯಾಣಿಕರ ನಡುವೆ ಜಗಳ. ಅಕ್ಕೋರ ಸೆರಗಿನ ಗಂಟಿನಲ್ಲಿದ್ದ ಹತ್ತರ ನೋಟುಗಳಿಂದ ನಮ್ಮ ಟಿಕೆಟ್ ಆಯಿತು. ಮಸ್ಕಿಯಲ್ಲಿ ಇಳಿದೆವು. ಬ್ಯಾಂಕಿನ ಕದ ಮುಚ್ಚಿತ್ತು, ಮುಂದೆ ಜನ ಸುಮ್ಮನೆ ನಿಂತಿದ್ದರು. ಅದನ್ನು ನೋಡಿ ನಾನೂ ಕೈಯಲ್ಲಿದ್ದ ನಾಲ್ಕು ನೋಟುಗಳನ್ನು ಮತ್ತೆ ಎಣಿಸಿದೆ. ಅಲ್ಲಿಯವರೆಗೆ ಅಕ್ಕೋರನ್ನು ಸಮಾಧಾನ ಮಾಡಲು ಬಂದವಳಂತಿದ್ದೆ. ಮಸ್ಕಿಯ ಆ ಬಿಸಿಲಿನಲ್ಲಿ ಅವರ ಅಂಜಿಕೆ ನನ್ನೊಳಗೆ ಇಳಿಯಿತು, ಮತ್ತೆ ಹೊರಗೆ ಹೋಗಲಿಲ್ಲ. ಅಲ್ಲಿಯ ಅಂಗಡಿಯಲ್ಲೂ ಸರಕಿರಲಿಲ್ಲ. ಅಕ್ಕೋರ ಅಣ್ಣನ ಮನೆ ಅಲ್ಲೇ ಇತ್ತು, ನೀರು ಕುಡಿದು ಹೋಗೋಣ ಎಂದರೂ ಅಕ್ಕೋರು ಒಪ್ಪಲಿಲ್ಲ. "ಹೊತ್ತು ಹೋದಂಗ ಬೆಲೆ ಏರ್ತೈತಿ" ಎಂದು ಮುಂದಿನ ಬಸ್ಸು ಹಿಡಿದರು.

ಸಿಂಧನೂರಿನಲ್ಲಿ ಆಸ್ಪತ್ರೆಗಳ ಸಾಲಿನಲ್ಲಿ ಒಂದು ದೊಡ್ಡ ಔಷಧಿ ಅಂಗಡಿ. ಜವಳಗೇರಾದ ಕಡೆಯಿಂದ ಬಂದ ಕೂಲಿಯವರು, ಭತ್ತದ ವ್ಯಾಪಾರಿಗಳು, ಕೂಸು ಎತ್ತಿಕೊಂಡ ತಾಯಂದಿರು, ಎಲ್ಲರ ಕೈಯಲ್ಲೂ ಅವೇ ನೋಟು. ನಮ್ಮ ಸರದಿ ಬಂದಾಗ ಅಂಗಡಿಯ ಯಜಮಾನ, "ನಾಕು ಸೀಸೆ ಅದಾವ್ರೀ. ಆದ್ರ ಐನೂರರ ನೋಟು ನನಗೂ ಬ್ಯಾಡಾಗ್ಯಾವ. ಬ್ಯಾರೇ ಇದ್ರ ಕೊಡ್ರಿ" ಎಂದ.

ಅಕ್ಕೋರು ಫ್ರಿಜ್ಜಿನ ಕಡೆ ನೋಡುತ್ತಿದ್ದರು. ಗಾಜಿನ ಬಾಗಿಲ ಫ್ರಿಜ್ಜು. ಒಳಗಿನ ಬೆಳಕು ಕಾಣುತ್ತಿತ್ತು. ತಾವು ಎಲ್ಲಿ ನಿಂತಿದ್ದೇವೆ ಎಂಬುದನ್ನೇ ಅವರು ಮರೆತರೆಂದು ನನಗೆ ಅನ್ನಿಸಿತು. ಒಮ್ಮೆಲೇ ಬಲಗೈಯ ಬಳೆ ಎಳೆಯತೊಡಗಿದರು. ಅದು ಗೆಣ್ಣು ದಾಟಿ ಬರುತ್ತಿರಲಿಲ್ಲ. ಚರ್ಮ ಕೆಂಪಾಯಿತು, ತರಚಿತು. ನಾನು ಕೈ ಹಿಡಿದೆ, ಬಿಡಿಸಿಕೊಂಡರು. ಬಳೆ ಕಳಚಿ ಗಾಜಿನ ಕೌಂಟರಿನ ಮೇಲೆ ಇಟ್ಟರು.

"ಇದು ನಡೀತೈತಲ್ಲಪ್ಪಾ? ಇದು ಎಲ್ಲಾ ಕಡೆ ನಡೀತೈತಿ. ನಾಕೂ ಕೊಡು."

ಯಜಮಾನ ಬಳೆಯನ್ನು ನೋಡಿದ, ಅವರ ಕೈಯ ಗಾಯವನ್ನು ನೋಡಿದ. "ಯವ್ವಾ, ಏನ್ ಮಾಡಾಕತ್ತೀರಿ! ಒಯ್ರಿ ಔಷಧಿ, ರೊಕ್ಕ ಆಮ್ಯಾಲ ಕೊಡ್ರಿ. ಬಳಿ ತಗೋರಿ ಮೊದ್ಲ" ಎಂದು ಸೀಸೆಗಳನ್ನು ಐಸ್ ಚೀಲದಲ್ಲಿ ಹಾಕಿ ಮುಂದಿಟ್ಟ.

"ಆಮ್ಯಾಲ ಕೊಡೋದಕ್ಕ ಏನು ಬೆಲೆ ಇರ್ತೈತೋ, ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ," ಎಂದು ಅಕ್ಕೋರು ಚೀಲ ಎದೆಗವಚಿಕೊಂಡು ಹೊರಟೇಬಿಟ್ಟರು. ಬಳೆ ಅಲ್ಲೇ ಉಳಿಯಿತು. ನಾನು ಕೈಮುಗಿದು ಅವರ ಹಿಂದೆ ಓಡಿದೆ.

ಮೂರು ವಾರಕ್ಕೆ ಹೊಸ ನೋಟು ಕೈಗೆ ಬಂತು. ನಾನೇ ಸಿಂಧನೂರಿಗೆ ಹೋಗಿ ಔಷಧದ ದುಡ್ಡು ಕೊಟ್ಟೆ. ಯಜಮಾನ ಬಳೆಯನ್ನು ಔಷಧದ ಖಾಲಿ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ. ಏನು ಓದುತ್ತಿದ್ದೀ ಎಂದು ವಿಚಾರಿಸಿ, ಓದು ಮುಗಿದ ಮೇಲೆ ಬಾ ಎಂದ. ನನ್ನ ಮೊದಲ ನೌಕರಿ ಅಲ್ಲಿಯೇ. ಈ ಊರಿಗೆ ನಾನು ಬಂದದ್ದು ಹೀಗೆ.

ಬಳೆ ತಂದು ಕೊಟ್ಟಾಗ ಅಕ್ಕೋರು ತೊಡಲಿಲ್ಲ. ಅವ್ವನ ಕೈಗೆ ಕೊಟ್ಟು, "ನಿಮ್ಮ ಹತ್ರ ಇರ್ಲಿ ತಂಗಿ, ನಿಮಗ ಬೇಕಾಗ್ತೈತಿ" ಎಂದರು. ಪೇಟೆ ತಿಳಿಯಾಯಿತು. ಸಕ್ಕರೆಯ ಬೆಲೆ ಹಾಗೇ ಇತ್ತು. ಓಣಿಯವರು ಆ ದಿನಗಳನ್ನು ನೆನೆದು ನಗತೊಡಗಿದರು. ಅಕ್ಕೋರು ಮಾತ್ರ ಮೊದಲಿನಂತಾಗಲಿಲ್ಲ. ಪಾಠ ಕಡಿಮೆ ಮಾಡಿದರು. ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರು. ಅವರಿಗೆ ರಕ್ತದೊತ್ತಡವಿತ್ತು. ಹೈಸ್ಕೂಲಿನ ದಿನಗಳಿಂದಲೂ ತಿಂಗಳಿಗೊಮ್ಮೆ ನಾನೇ ಗುಳಿಗೆ ತಂದುಕೊಡುತ್ತಿದ್ದೆ. "ತಪ್ಪದ ತಗೋತೀರಿಲ್ರೀ?" ಎಂದು ಕೇಳಿದರೆ, "ತಗೋತೀನಿ ಬೇ" ಎನ್ನುತ್ತಿದ್ದರು. ಮುಖ ಊದಿದಂತೆ ಕಾಣುತ್ತಿತ್ತು, ತಲೆ ಸಿಡಿಯುತ್ತದೆ ಎಂದು ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಔಷಧಿಶಾಸ್ತ್ರ ಓದುತ್ತಿದ್ದವಳು ನಾನು... ಒಮ್ಮೆಯಾದರೂ ಎದುರಿಗೆ ಕುಳಿತು ಒತ್ತಡ ನೋಡಲಿಲ್ಲ.

ಮುಂದಿನ ವರ್ಷ ಒಂದು ಬೆಳಿಗ್ಗೆ ಅವ್ವ ಚಹಾ ಒಯ್ದಾಗ ಅಕ್ಕೋರು ಅಕ್ಕಿಚೀಲಕ್ಕೆ ಒರಗಿ ಬಿದ್ದಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದರು. ಮಾತು ಹೋಗಿತ್ತು. ನಾನು ಹತ್ತಿರ ಹೋದಾಗ ಕಣ್ಣು ತೆರೆದು ನೋಡುತ್ತಿದ್ದರು, ಎಡಗೈ ಎತ್ತಿ ಏನೋ ಹೇಳಲು ಯತ್ನಿಸುತ್ತಿದ್ದರು. ಏನೆಂದು ನನಗೆ ತಿಳಿಯಲಿಲ್ಲ. ಐದನೆಯ ದಿನ ತೀರಿಕೊಂಡರು. ಮಸ್ಕಿಯ ಅಣ್ಣ ಬಂದು ಒಯ್ದು, ಊರ ಹೊರಗಿನ ತಮ್ಮ ಹೊಲದಲ್ಲಿ ಬೇವಿನ ಗಿಡದ ಬುಡಕ್ಕೆ ಸಮಾಧಿ ಮಾಡಿದರು.

ಖೋಲಿ ಖಾಲಿ ಮಾಡುವಾಗ ಹಾಲಿನ ಪುಡಿಯ ಎರಡು ದೊಡ್ಡ ಡಬ್ಬಿಗಳು ಸಿಕ್ಕವು. ಮುಚ್ಚಳ ತೆಗೆದೆ. ತುಂಬ ಗುಳಿಗೆಗಳು. ನಾನು ತಂದುಕೊಟ್ಟ ಒತ್ತಡದ ಗುಳಿಗೆಗಳು. ಒಂದೊಂದನ್ನೂ ಬ್ಲೇಡಿನಿಂದ ಸರಿಯಾಗಿ ಎರಡು ಮಾಡಿ, ಒಂದು ಅರ್ಧ ನುಂಗಿ, ಇನ್ನೊಂದು ಅರ್ಧ ಕೂಡಿಟ್ಟಿದ್ದರು. ಬರಲಿರುವ ದಿನಕ್ಕೆ. ಎಷ್ಟೋ ಗುಳಿಗೆ ಅವಧಿ ಮೀರಿ ಹಳದಿಯಾಗಿ ಪುಡಿಯಾಗಿದ್ದವು. ನಾನು ಆ ಡಬ್ಬಿಗಳ ನಡುವೆ ಕುಳಿತು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಹೆದರಿಕೆಗೆ ಅತ್ತೆ ಎಂದು ಕಾಣುತ್ತದೆ. ಎಲ್ಲೋ ದೂರದ ದೇಶದಲ್ಲಿ ಯಾರೋ ಅಚ್ಚು ಹಾಕಿಸಿದ ಕಾಗದ, ಇಷ್ಟು ವರ್ಷಗಳ ನಂತರ, ಲಿಂಗಸುಗೂರಿನ ಒಂದು ಖೋಲಿಯವರೆಗೆ ಬಂದು ಅವರನ್ನು ಹಿಡಿದಿತ್ತು.

ಅವ್ವ ಇದ್ದಾಳೆ. ಈಗಲೂ ಎರಡು ಹೊತ್ತು ಇನ್ಸುಲಿನ್. ನನಗೆ ಮದುವೆಯಾಗಿದೆ, ಅಂಗಡಿ ಚೆನ್ನಾಗಿ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಪಕ್ಕದ ದ್ವೀಪದೇಶದಲ್ಲಿ ಹಣ ಕುಸಿದು, ಆಸ್ಪತ್ರೆಗಳಲ್ಲಿ ಔಷಧ ಮುಗಿದ ಸುದ್ದಿಯನ್ನು ಮೊಬೈಲಿನಲ್ಲಿ ನೋಡಿ ಊಟ ಬಿಟ್ಟು ಎದ್ದಿದ್ದೆ. ನನ್ನ ಗಂಡ, "ನಮ್ಮಲ್ಲಿ ಹಂಗ ಆಗಂಗಿಲ್ಲ, ನೀ ಯಾಕ ಹಿಂಗ ಮಾಡ್ತಿ?" ಎಂದರು. ಆಗುವುದಿಲ್ಲ ಎಂದು ನಾನೂ ನಂಬುತ್ತೇನೆ. ಸಾಕು ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ ಎಂದು ಹೇಳಿಕೊಳ್ಳುತ್ತೇನೆ. ಆದರೂ ಡಾಲರಿನ ಎದುರು ರೂಪಾಯಿ ಇಳಿಯಿತೆಂದು ಓದಿದ ದಿನ, ಹೊರಗಿನಿಂದ ಬರುವ ಔಷಧದ ಡಬ್ಬಿಯ ಮೇಲೆ ಹಳೆಯ ಬೆಲೆಯನ್ನು ಮುಚ್ಚಿ ಹೊಸ ಚೀಟಿ ಅಂಟಿಸಿದ್ದನ್ನು ಕಂಡ ದಿನ, ಫ್ರಿಜ್ಜು ತೆಗೆದು ಸೀಸೆಗಳನ್ನು ಎಣಿಸುತ್ತೇನೆ. ಅಂಥ ದಿನಗಳಲ್ಲಿ ಕೇಳಲು ಅಕ್ಕೋರು ಇಲ್ಲ. ಎಷ್ಟು ಅಂಜಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವರಿಗೂ ತಿಳಿದಿರಲಿಲ್ಲವೇನೋ...

ಸೀಸೆ ಒಡೆದ ವಾರವೇ, ಭಾನುವಾರ ಅವ್ವನನ್ನು ನೋಡಲು ಲಿಂಗಸುಗೂರಿಗೆ ಹೊರಟವಳು ಮಸ್ಕಿಯಲ್ಲಿ ಇಳಿದೆ. ಮಣ್ಣು ಮಾಡಿದ ದಿನದ ನಂತರ ಆ ಹೊಲಕ್ಕೆ ನಾನು ಹೋಗಿರಲಿಲ್ಲ. ದಾರಿ ನೆನಪಿತ್ತು. ಹೊಲ ಇರಲಿಲ್ಲ. ನೆಲ ಸಪಾಟು ಮಾಡಿ ಕೆಂಪು ಮೊರಂ ಮಣ್ಣು ಹಾಕಿದ್ದರು. ಉದ್ದಕ್ಕೂ ಸಾಲಾಗಿ ನೆಟ್ಟ ಗಡಿಕಲ್ಲುಗಳು, ಅವುಗಳ ಮೇಲೆ ಬಣ್ಣದಲ್ಲಿ ಬರೆದ ನಂಬರು. ಅಣ್ಣ ತೀರಿಕೊಂಡ ಮೇಲೆ ಮಕ್ಕಳು ಮಾರಿದ್ದರಂತೆ. ಬೇವಿನ ಗಿಡ ಎಲ್ಲೂ ಕಾಣಲಿಲ್ಲ. ಅಂಚಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಬೈಕಿನ ಮೇಲೆ ಕುಳಿತಿದ್ದ ಒಬ್ಬಾತ ಇಳಿದು ಬಂದ. "ಸೈಟ್ ನೋಡಾಕ ಬಂದೀರೇನ್ರೀ?"

"ಇಲ್ಲೊಂದು ಸಮಾಧಿ ಇತ್ತಲ್ರೀ, ಬೇವಿನ ಗಿಡದ ಬುಡಕ..."

ಆತ ಸುತ್ತ ನೋಡಿದ. "ನನಗ ಗೊತ್ತಿಲ್ರೀ. ಲೇಔಟ್ ಆದಮ್ಯಾಲ ಬಂದಾವ ನಾ." ಆಮೇಲೆ ದನಿ ತಗ್ಗಿಸಿ, "ಮೂಲಿ ಸೈಟ್ ಎರಡ ಉಳದಾವ. ಮಂದಿ ರೊಕ್ಕ ಕೈಯಾಗ ಇಟ್ಕೊಳ್ಳಾಕ ಅಂಜಾಕತ್ತ್ಯಾರ್ರೀ, ಎಲ್ಲಾ ತಂದು ಮಣ್ಣಾಗ ಹಾಕಾಕತ್ತ್ಯಾರ. ಮುಂದಿನ ತಿಂಗಳ ಈ ರೇಟ್ ಸಿಗಂಗಿಲ್ಲ" ಎಂದ.

"ಎಷ್ಟು?" ಎಂಬ ಮಾತು ನನ್ನ ಬಾಯಿಂದ ಬಂದೇಬಿಟ್ಟಿತು.

ಆತ ಹೇಳಿದ. ನಾನು ಕೇಳಿಸಿಕೊಂಡೆ. ಬಿಸಿಲಿಗೆ ಕಾದ ಮೊರಂ ಅಂಗಾಲು ಸುಡುತ್ತಿತ್ತು. ಅಕ್ಕೋರು ಯಾವ ನಂಬರಿನ ಕೆಳಗೆ ಇದ್ದಾರೋ ಗೊತ್ತಾಗಲಿಲ್ಲ. ನಿಂತಲ್ಲಿಯೇ ತಿರುಗಿ, ನಾಲ್ಕೂ ದಿಕ್ಕಿಗೆ ಒಂದೊಂದು ಸಲ ಕೈಮುಗಿದೆ.